ಗಾಳಿಗೆ ಹಿಂದಿರುಗುವ ದಾರಿ ಮುಚ್ಚುವ ವಿದ್ಯೆ

ಹೈದರಾಬಾದಿನ ಮಾದಾಪುರದಲ್ಲಿ 1998ರಲ್ಲಿ ಸೈಬರ್ ಟವರ್ಸ್ ತಲೆಯೆತ್ತಿದಾಗ ಸುತ್ತಲೂ ಬಂಡೆಗಳೇ ಹೆಚ್ಚು. ಈಗ ದುರ್ಗಂ ಚೆರುವಿನ ದಂಡೆಯಿಂದ ಹೈಟೆಕ್ ಸಿಟಿಯವರೆಗೆ ಕಣ್ಣು ಹಾಯಿಸಿದಷ್ಟೂ ಗಾಜಿನ ಗೋಡೆಗಳು. ಮೇ ತಿಂಗಳ ಬಿಸಿಲಿಗೆ ಒಳಗೆ ಕೂತವರು ಬೇಯದಿರುವುದಕ್ಕೆ ಎ.ಸಿ. ಒಂದೇ ಕಾರಣವಲ್ಲ. ಇಂಥ ಕಟ್ಟಡಗಳಿಗೆ ಹಾಕುವ ಬಿಸಿಲುತಡೆ ಗಾಜಿನಲ್ಲಿ ಒಳ್ಳೆಯ ದರ್ಜೆಯದಾದರೆ ಅದರ ಒಂದು ಮೈಗೆ ಬೆಳ್ಳಿಯ ಪೊರೆ ಇರುತ್ತದೆ. ದಪ್ಪ ಹತ್ತು ನ್ಯಾನೊಮೀಟರ್ ಆಸುಪಾಸು, ಅಂದರೆ ಒಂದರ ಮೇಲೊಂದು ಪೇರಿಸಿದ ಮೂವತ್ತು ನಲವತ್ತು ಪರಮಾಣುಗಳಷ್ಟು. ಬೆಳಕನ್ನು ಒಳಗೆ ಬಿಟ್ಟು ಶಾಖವನ್ನು ಹಿಂದಕ್ಕಟ್ಟುವ ಈ ಪೊರೆಯನ್ನು ಯಾವ ಕುಂಚದಿಂದಲೂ ಬಳಿಯಲಾಗದು. ಗಾಜಿನ ದೊಡ್ಡ ಹಾಳೆಯನ್ನು ಗಾಳಿ ತೆಗೆದ ಕೋಣೆಗಳ ಸಾಲಿನೊಳಗೆ ಸಾಗಿಸಿ, ಅಲ್ಲಿ ಬೆಳ್ಳಿಯ ಪರಮಾಣುಗಳನ್ನು ಸಿಡಿಸಿ ಕೂರಿಸಬೇಕು. ಕೋಣೆಯಲ್ಲಿ ಗಾಳಿ ಉಳಿದಿದ್ದರೆ ಪರಮಾಣು ಗಾಜನ್ನು ಮುಟ್ಟುವ ಮೊದಲೇ ಡಿಕ್ಕಿ ಹೊಡೆದು ದಾರಿ ತಪ್ಪುತ್ತದೆ. ಆ ಕೋಣೆಗಳನ್ನು ಖಾಲಿ ಮಾಡುವ ಯಂತ್ರ, ನಿರ್ವಾತ ಪಂಪು, ಈ ಬರಹದ ನಾಯಕ.

ಪಂಪು ಗಾಳಿಯನ್ನು ಎಳೆಯುತ್ತದೆ ಎಂದೇ ನಾವೆಲ್ಲ ಹೇಳುತ್ತೇವೆ. ಹಿಡಿದು ಎಳೆಯಲು ಗಾಳಿಗೆ ಜುಟ್ಟೂ ಇಲ್ಲ, ಬಾಲವೂ ಇಲ್ಲ. ಅದರ ಅಣುಗಳು ನಮ್ಮ ಕೋಣೆಯ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 470 ಮೀಟರ್ ವೇಗದಲ್ಲಿ ತಾವಾಗಿಯೇ ಓಡಾಡುತ್ತಿರುತ್ತವೆ. ಪಂಪಿನ ಬಾಯಿಗೆ ಅವು ಬರುವುದು ತಮ್ಮದೇ ಓಟದಲ್ಲಿ. ಬಂದದ್ದನ್ನು ಹಿಂದಿರುಗಲು ಬಿಡದಿರುವುದಷ್ಟೇ ಪಂಪಿನ ಕೆಲಸ. ಮೂರೂವರೆ ಶತಮಾನಕ್ಕೂ ಮಿಕ್ಕಿದ ಈ ಯಂತ್ರದ ಚರಿತ್ರೆಯನ್ನು ಹೀಗೆ ನೋಡಿದಾಗಲೇ ಅದರ ಜಾಣ್ಮೆ ನನಗೆ ತಿಳಿಯುತ್ತಾ ಹೋಯಿತು. ಪ್ರತಿ ಹೊಸ ಪಂಪೂ ಆ ದಾರಿ ಮುಚ್ಚುವ ಇನ್ನೊಂದು ಉಪಾಯ.

ಕಥೆ ಶುರುವಾಗುವುದು ನೀರಿನಿಂದ. ಮೇಲೆ ಕೂರಿಸಿದ ಪಂಪು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಸುಮಾರು 10 ಮೀಟರಿಗಿಂತ ಆಳದ ನೀರನ್ನು ಎತ್ತುವುದಿಲ್ಲ ಎಂಬುದು 17ನೇ ಶತಮಾನದ ಇಟಲಿಯ ಕಸುಬುದಾರರಿಗೆ ಗೊತ್ತಿತ್ತು. ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲಿ ಇದನ್ನು ಬರೆದ, ಸರಿಯಾದ ಕಾರಣ ಮಾತ್ರ ಅವನಿಗೆ ಹೊಳೆಯಲಿಲ್ಲ. ಅವನ ಕೊನೆಗಾಲದಲ್ಲಿ ಜೊತೆಗಿದ್ದ ಟೊರಿಚೆಲ್ಲಿ 1643-44ರ ಸುಮಾರಿಗೆ ನೀರಿನ ಬದಲು ಪಾದರಸದ ಪ್ರಯೋಗಕ್ಕೆ ಕೈಹಾಕಿದ. ಒಂದು ತುದಿ ಮುಚ್ಚಿದ ಗಾಜಿನ ಕೊಳವೆಗೆ ಪಾದರಸ ತುಂಬಿ ಪಾದರಸದ ಬಟ್ಟಲಲ್ಲಿ ತಲೆಕೆಳಗಾಗಿ ನಿಲ್ಲಿಸಿದಾಗ, ಅದು ಸುಮಾರು 76 ಸೆಂಟಿಮೀಟರ್ ಎತ್ತರಕ್ಕೆ ಇಳಿದು ನಿಂತಿತು. ಮೇಲೆ ಖಾಲಿ ಜಾಗ. ಪಾದರಸವನ್ನಾಗಲಿ ನೀರನ್ನಾಗಲಿ ಎತ್ತಿ ಹಿಡಿದದ್ದು ಹೊರಗಿನ ಗಾಳಿಯ ಭಾರ ಎಂದು ಅವನು ಕಂಡುಕೊಂಡ. ದಖ್ಖನ್ ಪ್ರಸ್ಥಭೂಮಿಯವರಿಗೆ ಈ ಲೆಕ್ಕ ಇನ್ನೂ ಬಿಗಿ. ಸಮುದ್ರ ಮಟ್ಟದಲ್ಲಿ 760 ಮಿಲಿಮೀಟರ್ ಇರುವ ಪಾದರಸ ಹೈದರಾಬಾದಿನ ಎತ್ತರದಲ್ಲಿ 710ರ ಹತ್ತಿರಕ್ಕೆ, ಬೆಂಗಳೂರಿನಲ್ಲಿ 685ರ ಹತ್ತಿರಕ್ಕೆ ಇಳಿಯುತ್ತದೆ. ನೀರಿನ ಏರಿಕೆಯೂ ಅಷ್ಟೇ ಪಾಲು ತಗ್ಗುತ್ತದೆ. ಬೋರ್‌ವೆಲ್ಲಿಗೆ ಸಬ್‌ಮರ್ಸಿಬಲ್ ಪಂಪನ್ನು ತಳಕ್ಕೇ ಇಳಿಸುವುದು ಇದಕ್ಕಾಗಿ. ಮೇಲಿನಿಂದ ಎತ್ತಲಾಗದ್ದನ್ನು ಅದು ಕೆಳಗಿನಿಂದ ತಳ್ಳುತ್ತದೆ.

ನಿರ್ವಾತವನ್ನು ಪಂಪಿನಿಂದಲೇ ಮಾಡಲು ಹೊರಟ ಮೊದಲಿಗ ಜರ್ಮನಿಯ ಮಾಗ್ಡೆಬರ್ಗ್ ಊರಿನ ಮೇಯರ್ ಒಟ್ಟೊ ಫಾನ್ ಗೆರಿಕೆ. ಕಾಲ 1650ರ ಸುಮಾರು. ಮೊದಲು ಅವನು ಮರದ ಪೀಪಾಯಿಗೆ ನೀರು ತುಂಬಿ, ಬೆಂಕಿ ನಂದಿಸಲು ಬಳಸುವಂಥ ಪಂಪಿನಿಂದ ಆ ನೀರನ್ನು ತೆಗೆಸಿದ. ನೀರು ಹೋದ ಜಾಗಕ್ಕೆ ಮರದ ಸಂದುಗಳಿಂದ ಗಾಳಿ ಸದ್ದು ಮಾಡುತ್ತಾ ನುಗ್ಗಿತು. ಆಮೇಲೆ ತಾಮ್ರದ ಗೋಳ ಮಾಡಿಸಿ ಅದರಿಂದ ನೇರವಾಗಿ ಗಾಳಿಯನ್ನೇ ತೆಗೆಸಹೋದಾಗ ಗೋಳ ದೊಡ್ಡ ಸದ್ದಿನೊಂದಿಗೆ ನಜ್ಜುಗುಜ್ಜಾಯಿತು. ಗೋಳ ಸರಿಯಾಗಿ ದುಂಡಗಿಲ್ಲದಿದ್ದದ್ದೇ ತಪ್ಪು ಎಂದು ಅವನು ಊಹಿಸಿದ. ಅಚ್ಚುಕಟ್ಟಾಗಿ ದುಂಡಗಾದ ಇನ್ನೊಂದು ಗೋಳ ತಡೆದುಕೊಂಡಿತು. ಇಂದಿಗೂ ನಿರ್ವಾತದ ಪಾತ್ರೆಗಳು ಗೋಳವೋ ಉರುಳೆಯೋ ಆಗಿರುವುದು, ಮುಚ್ಚಳಗಳು ಗುಮ್ಮಟದಂತೆ ಉಬ್ಬಿರುವುದು ಇದೇ ಕಾರಣಕ್ಕೆ. 1657ರಲ್ಲಿ ಅರ್ಧ ಮೀಟರ್ ಅಗಲದ ಎರಡು ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡು ಕಡೆಯಿಂದಲೂ ಎಂಟೆಂಟು ಕುದುರೆಗಳಿಂದ ಜಗ್ಗಿಸಿದ ಪ್ರದರ್ಶನ ಲೋಕಪ್ರಸಿದ್ಧ. ಅಷ್ಟು ಅಗಲದ ಗೋಳದ ಮೇಲೆ ಗಾಳಿ ಒತ್ತುವ ಬಲ ಸುಮಾರು ಎರಡು ಟನ್. ನನಗೆ ಕುದುರೆಗಳಿಗಿಂತ ಮೆಚ್ಚುಗೆಯಾಗುವುದು ಅವನ ಪಂಪಿನ ಕವಾಟ. ಪಿಸ್ಟನ್ ಹಿಂದೆ ಸರಿದಾಗ ಗೋಳದ ಗಾಳಿಗೆ ತೆರೆದುಕೊಂಡು, ಮುಂದೆ ಬಂದಾಗ ಮುಚ್ಚಿಕೊಳ್ಳುವ ಚರ್ಮದ ಆ ಸಣ್ಣ ನಾಲಗೆ, ದಾರಿ ಮುಚ್ಚುವ ಮೊದಲ ಉಪಾಯ.

ಇಂಗ್ಲೆಂಡಿನಲ್ಲಿ ಬಾಯ್ಲ್ ಮತ್ತು ಹುಕ್ ಗಾಜಿನ ಪಾತ್ರೆಗೆ ಪಂಪು ಜೋಡಿಸಿ, ಗಾಳಿಯಿಲ್ಲದೆ ದೀಪ ಆರುವುದನ್ನೂ ಗಂಟೆಯ ಸದ್ದು ಅಡಗುವುದನ್ನೂ ನೋಡಿದರು. ಆ ಪ್ರಯೋಗಗಳ ಪುಸ್ತಕ 1660ರಲ್ಲಿ ಬಂತು. ಅಲ್ಲಿಂದ ಒಂದೂವರೆ ಶತಮಾನ ಪಂಪು ಪ್ರದರ್ಶನದ ಮೇಜಿನ ಮೇಲೇ ಉಳಿಯಿತು. ದೊಡ್ಡ ಉದ್ಯಮದೊಳಕ್ಕೆ ಅದನ್ನು ಕರೆದೊಯ್ದದ್ದು ಸಕ್ಕರೆ. ಎಡ್ವರ್ಡ್ ಹೊವಾರ್ಡ್ ಎಂಬವನು 1813ರಲ್ಲಿ ಪೇಟೆಂಟ್ ಪಡೆದ ವ್ಯಾಕ್ಯೂಮ್ ಪ್ಯಾನ್‌ನಲ್ಲಿ ಪಾಕವನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಒತ್ತಡ ಇಳಿಸುತ್ತಾರೆ. ತೆರೆದ ಕೊಪ್ಪರಿಗೆಯಲ್ಲಿ ನೂರು ಡಿಗ್ರಿ ದಾಟಿ ಕುದಿದು ಕಂದಾಗುವ ಪಾಕ ಇಲ್ಲಿ 60-70 ಡಿಗ್ರಿಗೇ ಕುದಿದು ಬಿಳಿಯ ಹರಳು ಕಟ್ಟುತ್ತದೆ. ಬೆಲ್ಲದ ಆಲೆಮನೆಗೂ 1933ರಲ್ಲಿ ಹುಟ್ಟಿದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯ ಪ್ಯಾನ್‌ಗೂ ಇರುವ ದೊಡ್ಡ ವ್ಯತ್ಯಾಸಗಳಲ್ಲಿ ಇದೊಂದು. ಸಕ್ಕರೆ ಕಾರ್ಖಾನೆಯಲ್ಲಿ ಆವಿಯನ್ನು ನೀರಾಗಿಸುವ ಕಂಡೆನ್ಸರನ್ನು ನೆಲದಿಂದ 10 ಮೀಟರಿಗೂ ಮೇಲೆ ಕೂರಿಸಿರುತ್ತಾರೆ. ಅಲ್ಲಿಂದ ಇಳಿಯುವ ಕೊಳವೆಯ ತುದಿ ಕೆಳಗಿನ ತೊಟ್ಟಿಯ ನೀರಿನಲ್ಲಿ ಮುಳುಗಿರುತ್ತದೆ. ಹೊರಗಿನ ಗಾಳಿ ಆ ನೀರನ್ನು ಕೊಳವೆಯಲ್ಲಿ ಎಷ್ಟು ಒತ್ತಿದರೂ ಕಂಡೆನ್ಸರಿನವರೆಗೆ ಏರಿಸಲಾರದು. ಟೊರಿಚೆಲ್ಲಿಯ ಕೊಳವೆಯೇ ಕಾರ್ಖಾನೆಯ ಗಾತ್ರಕ್ಕೆ ಬೆಳೆದು ಹಗಲಿರುಳು ದುಡಿಯುತ್ತಿದೆ.

ಚರ್ಮದ ಕವಾಟಕ್ಕೂ ಪಿಸ್ಟನ್ನಿಗೂ ಒಂದು ಮಿತಿ ಇತ್ತು. ಪಿಸ್ಟನ್ ಎಷ್ಟು ಒತ್ತಿದರೂ ತುದಿಯಲ್ಲಿ ಒಂದಿಷ್ಟು ಗಾಳಿ ಉಳಿದೇ ಉಳಿಯುತ್ತಿತ್ತು, ಚರ್ಮ ಸೋರುತ್ತಿತ್ತು. 1855ರಲ್ಲಿ ಬಾನ್ ಊರಿನ ಗಾಜು ಊದುವ ಕುಶಲಿ ಗೈಸ್ಲರ್ ಪಿಸ್ಟನ್ನನ್ನೇ ಕಿತ್ತು ಹಾಕಿ, ಆ ಜಾಗಕ್ಕೆ ಪಾದರಸ ತಂದ. ಪಾದರಸ ಗಾಜಿನ ಸಂದುಗೊಂದುಗಳನ್ನೆಲ್ಲ ತುಂಬುತ್ತದೆ, ಸೋರುವ ಮಾತೇ ಇಲ್ಲ. 1865ರಲ್ಲಿ ಸ್ಪ್ರೆಂಗೆಲ್ ಇನ್ನೂ ಸರಳವಾದದ್ದನ್ನು ಮಾಡಿದ. ಸಣ್ಣ ಗಾಜಿನ ಕೊಳವೆಯಲ್ಲಿ ಪಾದರಸ ಹನಿಹನಿಯಾಗಿ ಬೀಳುತ್ತದೆ. ಎರಡು ಹನಿಗಳ ನಡುವೆ ಸಿಕ್ಕ ಗಾಳಿ ಅವುಗಳೊಂದಿಗೆ ಕೆಳಗೆ ಹೋಗುತ್ತದೆ, ಮೇಲಿನ ಹನಿ ಅದನ್ನು ಹಿಂದಕ್ಕೆ ಬಿಡುವುದಿಲ್ಲ. ಬಲು ನಿಧಾನದ ಕೆಲಸ, ಪಾದರಸದ ಆವಿ ಆರೋಗ್ಯಕ್ಕೆ ವಿಷ. ಆದರೂ ವಾತಾವರಣದ ಹತ್ತು ಲಕ್ಷದ ಒಂದು ಪಾಲಿನಷ್ಟು ಒತ್ತಡಕ್ಕೆ ಇಳಿಯಲು ಮೊದಲ ಬಾರಿಗೆ ಸಾಧ್ಯವಾಯಿತು. 1879ರಲ್ಲಿ ಎಡಿಸನ್ನನ ಬಲ್ಬಿನ ಇಂಗಾಲದ ತಂತಿ ಉರಿದು ಬೂದಿಯಾಗದೆ ಬೆಳಗಿದ್ದು ಈ ಬಗೆಯ ಪಂಪುಗಳಿಂದ. 1895ರಲ್ಲಿ ರಾಂಟ್‌ಗನ್ ಎಕ್ಸ್‌ರೇ ಕಂಡದ್ದು, 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ್ದು ಗಾಳಿ ತೆಗೆದ ಕೊಳವೆಗಳಲ್ಲಿಯೇ. ಭೌತವಿಜ್ಞಾನದ ಚರಿತ್ರೆಯಲ್ಲಿ ಸಿದ್ಧಾಂತಿಗಳ ಹೆಸರು ದೊಡ್ಡದಾಗಿ ಕಾಣುತ್ತದೆ. ಗಾಜು ಊದಿದವರಿಗೂ ಪಾದರಸ ಎತ್ತಿ ಸುರಿದವರಿಗೂ ಅಲ್ಲಿ ಇನ್ನಷ್ಟು ಜಾಗ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಇವತ್ತಿನ ಪಂಪುಗಳ ಪಿತಾಮಹ ಎನ್ನಬಹುದಾದವನು ಫ್ರೈಬರ್ಗಿನ ವುಲ್ಫ್‌ಗಾಂಗ್ ಗೇಡೆ. 1905ರಿಂದ ಹತ್ತು ವರ್ಷಗಳೊಳಗೆ ಅವನು ಒಂದರ ಹಿಂದೊಂದು ಹೊಸ ಬಗೆಯ ಪಂಪುಗಳನ್ನು ಕೊಟ್ಟ. ಎಣ್ಣೆಯ ಸೀಲಿನ ರೋಟರಿ ಪಂಪು ರೂಪುಗೊಂಡದ್ದೂ ಆ ಕಾಲದಲ್ಲೇ. ದುಂಡಗಿನ ಮನೆಯೊಳಗೆ ನಡುವಿನಿಂದ ಸ್ವಲ್ಪ ಸರಿದು ಕೂತ ಉರುಳೆ, ಅದರ ಸೀಳುಗಳಲ್ಲಿ ಹೊರಕ್ಕೆ ಜಾರುವ ರೆಕ್ಕೆಗಳು. ಉರುಳೆ ತಿರುಗಿದಂತೆ ರೆಕ್ಕೆಯ ಹಿಂದಿನ ಜಾಗ ಹಿಗ್ಗಿ ಗಾಳಿಗೆ ಎಡೆ ಕೊಡುತ್ತದೆ, ಮುಂದಿನ ಜಾಗ ಕುಗ್ಗಿ ಅದನ್ನು ಹೊರಗಟ್ಟುತ್ತದೆ, ನಡುವಿನ ಕೂದಲೆಳೆಯ ಸಂದನ್ನು ಎಣ್ಣೆ ಮುಚ್ಚುತ್ತದೆ. ಮಾದಾಪುರದ ಯಾವ ಅಪಾರ್ಟ್‌ಮೆಂಟಿನಲ್ಲಾದರೂ ಬೇಸಿಗೆಯಲ್ಲಿ ಹೊಸ ಎ.ಸಿ. ಕೂರಿಸುವಾಗ ಬಾಲ್ಕನಿಯಲ್ಲಿ ಗುರುಗುಡುವ ಪುಟ್ಟ ಪಂಪು ಇದೇ ವಂಶದ್ದು. ಗ್ಯಾಸ್ ಬಿಡುವ ಮುನ್ನ ತಾಮ್ರದ ಕೊಳವೆಯ ಗಾಳಿಯನ್ನೂ ಅದಕ್ಕಿಂತ ಮುಖ್ಯವಾಗಿ ತೇವವನ್ನೂ ಅದು ತೆಗೆಯುತ್ತದೆ. 30 ಡಿಗ್ರಿಯ ನೀರು, ಒತ್ತಡ ಪಾದರಸದ ಲೆಕ್ಕದಲ್ಲಿ 32 ಮಿಲಿಮೀಟರಿಗಿಂತ ಕೆಳಗಿಳಿದರೆ, ತಾನಾಗಿ ಕುದಿದು ಆವಿಯಾಗುತ್ತದೆ. ಒಳ್ಳೆಯ ಮೆಕ್ಯಾನಿಕ್ ಅಲ್ಲಿಗೆ ನಿಲ್ಲದೆ ಅರ್ಧ ಮಿಲಿಮೀಟರಿನವರೆಗೆ ಇಳಿಸಿ, ಪಂಪು ನಿಲ್ಲಿಸಿ ಗೇಜ್ ನೋಡುತ್ತಾ ಕೂರುತ್ತಾನೆ. ಮುಳ್ಳು ಏರುತ್ತಲೇ ಹೋದರೆ ಎಲ್ಲೋ ಸೋರುತ್ತಿದೆ, ಸ್ವಲ್ಪ ಏರಿ ನಿಂತರೆ ಒಳಗೆ ತೇವ ಉಳಿದಿದೆ. ಉಳಿದ ತೇವ ಮುಂದೆ ಕಂಪ್ರೆಸರಿನ ಎಣ್ಣೆಯನ್ನು ಕೆಡಿಸುತ್ತದೆ. ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿಯನ್ನು ಊದಿಸಿಬಿಡುವ ಅವಸರದ ಪದ್ಧತಿಯನ್ನು ಮನೆಯವರು ಒಪ್ಪಲೇಬಾರದು.

ಪಂಪಿಗೂ ತೇವ ಶತ್ರುವೇ. ಒಳಗೆ ಬಂದ ಆವಿ ಒತ್ತಡಕ್ಕೆ ನೀರಾಗಿ ಎಣ್ಣೆಗೆ ಸೇರಿ, ಎಣ್ಣೆ ಹಾಲಿನಂತಾಗುತ್ತದೆ. 1935ರಲ್ಲಿ ಗೇಡೆಯೇ ಇದಕ್ಕೂ ಮದ್ದು ಕಂಡುಹಿಡಿದ. ಹೊರಗಟ್ಟುವ ಹಂತದಲ್ಲಿ ಬೇಕೆಂದೇ ಒಂದಿಷ್ಟು ಹೊರಗಿನ ಗಾಳಿ ಬಿಟ್ಟರೆ ಆವಿ ನೀರಾಗುವ ಮೊದಲೇ ಕವಾಟ ತೆರೆದುಕೊಳ್ಳುತ್ತದೆ. ಗ್ಯಾಸ್ ಬ್ಯಾಲಸ್ಟ್ ಎಂಬ ಆ ಪುಟ್ಟ ತಿರುಪು ಇಂದಿಗೂ ಬಹುತೇಕ ರೋಟರಿ ಪಂಪುಗಳ ಮೇಲಿದೆ. ಗಾಳಿ ತೆಗೆಯುವ ಯಂತ್ರದೊಳಕ್ಕೆ ಗಾಳಿ ಬಿಡುವ ಧೈರ್ಯ ಕಸುಬನ್ನು ಆಳವಾಗಿ ಬಲ್ಲವನಿಗೆ ಮಾತ್ರ ಬರುತ್ತದೆ.

ರೋಟರಿ ಪಂಪು ಮಿಲಿಮೀಟರಿನ ಸಾವಿರದ ಒಂದು ಪಾಲಿನವರೆಗೆ ಇಳಿದು ಸೋಲುತ್ತದೆ. ಸೋಲಿಗೆ ಕಾರಣ ಗಾಳಿಯ ನಡತೆ ಬದಲಾಗುವುದು. ನಮ್ಮ ಸುತ್ತಲಿನ ಗಾಳಿಯಲ್ಲಿ ಒಂದು ಅಣು ಇನ್ನೊಂದಕ್ಕೆ ತಾಗದೆ ಓಡುವ ದೂರ 70 ನ್ಯಾನೊಮೀಟರಿನ ಒಳಗೆ. ಈ ಕಡಿಮೆ ಒತ್ತಡದಲ್ಲಿ ಅದು ಐದು ಸೆಂಟಿಮೀಟರ್. ಇನ್ನೂ ಸಾವಿರ ಪಟ್ಟು ಕೆಳಗಿಳಿದರೆ ಐವತ್ತು ಮೀಟರ್. ಅಣುಗಳು ಒಂದನ್ನೊಂದು ನೂಕುವುದೇ ಇಲ್ಲ, ಗೋಡೆಯಿಂದ ಗೋಡೆಗೆ ಪುಟಿಯುತ್ತವೆ. ಕಣ್ಣಿಗೆ ಬಟ್ಟೆ ಕಟ್ಟಿದ ನೂರು ಜನ ಮದುವೆ ಛತ್ರದಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದಾರೆ, ಬಾಗಿಲು ಒಂದೇ ಇದೆ ಎಂದುಕೊಳ್ಳಿ. ಯಾರನ್ನೂ ಕರೆದು ಹೊರಗೆ ತರಲಾಗದು. ಆಕಸ್ಮಿಕವಾಗಿ ಬಾಗಿಲಿಗೆ ಬಂದವರನ್ನು ಒಳಗೆ ಮರಳದಂತೆ ನೋಡಿಕೊಳ್ಳಬಹುದು, ಬಾಗಿಲನ್ನು ಆದಷ್ಟು ಅಗಲ ಮಾಡಬಹುದು. ಹೆಚ್ಚಿನ ನಿರ್ವಾತದ ಕೊಳವೆಗಳು ಗಿಡ್ಡಗೆ, ದಪ್ಪಗೆ ಇರುವುದು ಇದಕ್ಕೇ.

1915ರಲ್ಲಿ ಗೇಡೆ ಬರೆದು ಪ್ರಕಟಿಸಿದ, ಮರುವರ್ಷ ಅಮೆರಿಕದ ಲಾಂಗ್‌ಮ್ಯೂರ್ ಸುಧಾರಿಸಿದ ಡಿಫ್ಯೂಷನ್ ಪಂಪಿನಲ್ಲಿ ತಿರುಗುವ ಭಾಗವೇ ಇಲ್ಲ. ಕೆಳಗೆ ಪಾದರಸ ಕುದಿಯುತ್ತದೆ. ಆವಿ ಮೇಲೇರಿ, ಛತ್ರಿಯಂಥ ತೂತುಗಳಿಂದ ಕೆಳಮುಖವಾಗಿ ರಭಸದಿಂದ ಚಿಮ್ಮುತ್ತದೆ. ಅಲೆದಾಡುತ್ತಾ ಬಂದ ಗಾಳಿಯ ಅಣು ಆ ಧಾರೆಗೆ ಸಿಕ್ಕಿ ಕೆಳಗೆ ತಳ್ಳಲ್ಪಡುತ್ತದೆ. ಆವಿ ತಣ್ಣನೆಯ ಗೋಡೆಗೆ ತಾಗಿ ದ್ರವವಾಗಿ ಮತ್ತೆ ಕುದಿಯಲು ಇಳಿಯುತ್ತದೆ. ಕೆಳಗೆ ಸೇರಿದ ಗಾಳಿಯನ್ನು ಒಂದು ರೋಟರಿ ಪಂಪು ಹೊರಗೆ ಹಾಕುತ್ತದೆ. 1928ರಲ್ಲಿ ಇಂಗ್ಲೆಂಡಿನ ಬರ್ಚ್ ಪಾದರಸದ ಬದಲು ಎಣ್ಣೆ ಹಾಕಿ ನೋಡಿದ ಮೇಲೆ ಇದು ಲೋಕದ ಪ್ರಯೋಗಾಲಯಗಳನ್ನೆಲ್ಲ ಆಳಿತು. ದೋಷವೊಂದೇ: ಎಣ್ಣೆಯ ಆವಿ ಒಂದಿಷ್ಟು ಮೇಲಕ್ಕೂ ನುಸುಳುತ್ತದೆ. ಅದನ್ನು ತಡೆಯುವ ತಿರುಗುವ ಅಡ್ಡತಟ್ಟೆಯೊಂದನ್ನು ಮಾಡಲು ಹೊರಟ ಜರ್ಮನಿಯ ವಿಲ್ಲಿ ಬೆಕರ್, ಆ ತಟ್ಟೆಯೇ ಪಂಪಿನ ಕೆಲಸ ಮಾಡುವುದನ್ನು ಗಮನಿಸಿ, 1950ರ ದಶಕದ ಕೊನೆಗೆ ಟರ್ಬೊ ಪಂಪು ಕೊಟ್ಟ. ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಓರೆ ಅಲಗುಗಳು ಅದರಲ್ಲಿ ಸಾಲುಸಾಲಾಗಿವೆ. ಅಲಗಿನ ತುದಿಯ ವೇಗ ಅಣುವಿನ ವೇಗಕ್ಕೆ ಸಾಟಿಯಾದಾಗ ಮಾತ್ರ ಬಂದ ಅಣುವನ್ನು ಹೊಡೆದು ಕೆಳಗಟ್ಟಲು ಸಾಧ್ಯ. ಚಿಪ್ ತಯಾರಿಸುವ ಕಾರ್ಖಾನೆಗಳಿಗೆ ಇದು ಅನಿವಾರ್ಯ ಸಾಧನ.

ಕೊನೆಯ ಬಗೆಯ ಪಂಪುಗಳು ಗಾಳಿಯನ್ನು ಹೊರಗೆ ಹಾಕುವುದೇ ಇಲ್ಲ. ಅಯಾನ್ ಪಂಪಿನಲ್ಲಿ ಟೈಟೇನಿಯಂ ಲೋಹವನ್ನು ಸಿಡಿಸಿ ಗೋಡೆಗೆ ಹೊಸ ಹೊಸ ಪದರ ಹಚ್ಚುತ್ತಾರೆ, ಆ ಪದರ ಆಮ್ಲಜನಕ, ಸಾರಜನಕಗಳನ್ನು ನುಂಗಿ ಹೂತುಹಾಕುತ್ತದೆ. ಈ ಲೋಹದ ಹಸಿವು ಇನ್ನೊಂದು ಕಡೆ ದೊಡ್ಡ ಕಾಟ. ಹೈದರಾಬಾದಿನ ಕಂಚನ್‌ಬಾಗಿನಲ್ಲಿ 1973ರಲ್ಲಿ ಸ್ಥಾಪನೆಯಾದ ಮಿಧಾನಿ, ಅಂದರೆ ಮಿಶ್ರ ಧಾತು ನಿಗಮ, ಟೈಟೇನಿಯಂ ಮಿಶ್ರಲೋಹಗಳನ್ನೂ ರಾಕೆಟ್ಟಿಗೆ ಬೇಕಾದ ಮ್ಯಾರೇಜಿಂಗ್ ಉಕ್ಕನ್ನೂ ತಯಾರಿಸುತ್ತದೆ. ಟೈಟೇನಿಯಂ ಗಾಳಿಯಲ್ಲಿ ಕರಗಿದರೆ ಗಾಳಿಯನ್ನೇ ಕುಡಿದು ಪೆಡಸಾಗುತ್ತದೆ. ಅದಕ್ಕೆ ನೀರಿನಿಂದ ತಂಪಾಗಿಸಿದ ತಾಮ್ರದ ಮೂಸೆಯಲ್ಲಿ, ನಿರ್ವಾತದೊಳಗೆ, ವಿದ್ಯುತ್ ಕಿಡಿಯಿಂದ ಅದನ್ನು ಕರಗಿಸುತ್ತಾರೆ. ಉಕ್ಕನ್ನು ಹೀಗೆ ಕರಗಿಸಿದಾಗ ಒಳಗೆ ಅಡಗಿದ್ದ ಜಲಜನಕ ಹೊರಬಿದ್ದು ಪಂಪಿನ ಪಾಲಾಗುತ್ತದೆ. ಅದೇ ನಗರದ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸ್‌ನಲ್ಲಿ ಜಿರ್ಕೋನಿಯಂ ಸ್ಪಂಜಿನಿಂದ ಮೆಗ್ನೀಷಿಯಂ ಮತ್ತು ಅದರ ಕ್ಲೋರೈಡನ್ನು ನಿರ್ವಾತದಲ್ಲಿ ಕಾಯಿಸಿ ಓಡಿಸುತ್ತಾರೆ. ಕೈಗಾದಂಥ ಅಣುಸ್ಥಾವರದ ಇಂಧನ ಕೊಳವೆಗಳಿಗೆ ಆ ಲೋಹವೇ ಬೇಕು.

ಹೈದರಾಬಾದಿನ ಔಷಧ ಕಾರ್ಖಾನೆಗಳಲ್ಲಿ ದುಡಿಯುವವರಿಗೆ, ಬೀದರಿನ ಕೊಳ್ಹಾರ, ರಾಯಚೂರು, ಯಾದಗಿರಿಯ ಕಡೇಚೂರಿನವರಿಗೂ, ನಿರ್ವಾತ ದಿನನಿತ್ಯದ ಮಾತು. ಬಿಸಿಗೆ ಕೆಡುವ ಔಷಧವನ್ನು ಒಣಗಿಸಲು ವ್ಯಾಕ್ಯೂಮ್ ಡ್ರೈಯರ್, ದ್ರಾವಕ ತೆಗೆಯಲು ರಿಯಾಕ್ಟರಿಗೆ ಜೋಡಿಸಿದ ವಾಟರ್ ರಿಂಗ್ ಪಂಪು. ಇದರಲ್ಲಿ ಸುತ್ತುವ ರೆಕ್ಕೆಗಳು ನೀರನ್ನು ಹೊರಕ್ಕೆಸೆದು ಉಂಗುರ ಮಾಡುತ್ತವೆ, ಆ ಉಂಗುರವೇ ಪಿಸ್ಟನ್, ಅದೇ ಸೀಲು. ನೀರು ಬೆಚ್ಚಗಾದರೆ ತಾನೇ ಆವಿಯಾಗಿ ಜಾಗ ತುಂಬುತ್ತದೆ. 15 ಡಿಗ್ರಿಯ ನೀರಿನ ಆವಿಯ ಒತ್ತಡ 13 ಮಿಲಿಮೀಟರಿನಷ್ಟು, 30 ಡಿಗ್ರಿಯದು 32. ಬೇಸಿಗೆಯಲ್ಲಿ ವ್ಯಾಕ್ಯೂಮ್ ಸಿಗುತ್ತಿಲ್ಲ ಎಂದು ಆಪರೇಟರ್ ಹೇಳಿದರೆ ಮೊದಲು ನೋಡಬೇಕಾದದ್ದು ಪಂಪಿನ ನೀರು ಎಷ್ಟು ಬೆಚ್ಚಗಿದೆ ಎಂಬುದನ್ನು. ಹೊಸ ಕಾರ್ಖಾನೆಗಳು ನೀರೂ ಎಣ್ಣೆಯೂ ಇಲ್ಲದ ಡ್ರೈ ಸ್ಕ್ರೂ ಪಂಪುಗಳಿಗೆ ಬದಲಾಗುತ್ತಿರುವುದು ಒಳ್ಳೆಯದು. ದ್ರಾವಕ ಚರಂಡಿಯ ನೀರಿಗೆ ಸೇರುವ ಬದಲು ಕಂಡೆನ್ಸರಿನಲ್ಲಿ ಮರಳಿ ಸಿಗುತ್ತದೆ. ಕೊಳೆ ನೀರಿನ ಕಷ್ಟ ಉಂಡ ಪಟಾಂಚೆರುವಿನಂಥ ಊರುಗಳಿಗೆ ಇದರ ಬೆಲೆ ಗೊತ್ತು.

ಮಂಜಾಗಿಸಿ ಒಣಗಿಸುವ ಕ್ರಮ, ಲಯೊಫಿಲೈಸೇಶನ್, ಇನ್ನೂ ನಾಜೂಕಿನದು. ಔಷಧದ ದ್ರವವನ್ನು ಹೆಪ್ಪುಗಟ್ಟಿಸಿ ಒತ್ತಡ ಇಳಿಸಿದರೆ ಮಂಜು ನೀರಾಗದೆ ನೇರ ಆವಿಯಾಗುತ್ತದೆ. ಒಂದು ಗ್ರಾಂ ಮಂಜು, ಒತ್ತಡ ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಳಿದಾಗ, ಸುಮಾರು 9,500 ಲೀಟರ್ ಆವಿಯಾಗುತ್ತದೆ. ಯಾವ ಪಂಪಿಗೂ ಇದು ಮಿತಿ ಮೀರಿದ ಹೊರೆ. ಅದಕ್ಕೆ ಕೊರೆಯುವಷ್ಟು ತಣ್ಣಗಿನ ಸುರುಳಿಗಳ ಮೇಲೆ ಆವಿಯನ್ನು ಮತ್ತೆ ಮಂಜಾಗಿಸಿ ಹಿಡಿದಿಟ್ಟು, ಉಳಿದ ಗಾಳಿಯನ್ನಷ್ಟೇ ಪಂಪಿಗೆ ಕೊಡುತ್ತಾರೆ. 2020ರ ಜೂನ್‌ನಲ್ಲಿ ಹೈದರಾಬಾದಿನ ಹೆಟೆರೊ ಕಂಪನಿ ಬಿಡುಗಡೆ ಮಾಡಿದ ರೆಮ್ಡೆಸಿವಿರ್ ಪುಡಿ ಹೀಗೆ ಒಣಗಿಸಿದ್ದು.

ಪಂಪು ಎಷ್ಟೇ ಉತ್ತಮವಾಗಿದ್ದರೂ ಕೆಲಸಗಾರನ ಕೈ ಶುದ್ಧವಿಲ್ಲದಿದ್ದರೆ ಒಳ್ಳೆಯ ನಿರ್ವಾತ ಬರದು. ಉಕ್ಕಿನ ಗೋಡೆಗೆ ಅಂಟಿದ ನೀರಿನ ಅಣುಗಳು ಗಂಟೆಗಟ್ಟಲೆ ಕಳಚುತ್ತಲೇ ಇರುತ್ತವೆ, ಅವನ್ನು ಓಡಿಸಲು ಇಡೀ ಪಾತ್ರೆಯನ್ನು ಬಿಸಿ ಮಾಡಬೇಕು. ಬರಿಗೈಯ ಒಂದು ಬೆರಳಚ್ಚಿನ ಜಿಡ್ಡು ಸಾಕು ಕೆಲಸ ಕೆಡಲು. ಒಳಗಿನ ತಿರುಪಿನ ತಳದಲ್ಲಿ ಸಿಕ್ಕಿಕೊಂಡ ಗಾಳಿ ಎಳೆಯಂತೆ ಸೋರುತ್ತದೆಂದು ತಿರುಪಿನ ನಡುವೆ ಉದ್ದಕ್ಕೂ ತೂತು ಕೊರೆಯುತ್ತಾರೆ. ಹೊರಗಿನ ಸೋರಿಕೆ ಹುಡುಕಲು ಕೀಲುಗಳ ಮೇಲೆ ಹೀಲಿಯಂ ಸುಳಿಸಿ ಒಳಗಿನ ಯಂತ್ರ ಅದನ್ನು ಗುರುತಿಸುತ್ತದೆಯೇ ನೋಡುತ್ತಾರೆ. ಹೀಲಿಯಂ ಮೇಲಕ್ಕೇರುವುದರಿಂದ ಹುಡುಕಾಟ ಮೇಲಿನ ಕೀಲಿನಿಂದ ಶುರುವಾಗಬೇಕು. ಯಾವ ಪುಸ್ತಕಕ್ಕಿಂತಲೂ ಹಿರಿಯ ಕೆಲಸಗಾರರ ಜೊತೆ ನಿಂತು ಕಲಿಯುವ ವಿದ್ಯೆ ಇದು.

ಈ ವಿದ್ಯೆ ನಮ್ಮಲ್ಲಿ ಬೇರೂರಿದ ಊರು ಬೆಂಗಳೂರು. 1965ರಲ್ಲಿ ಅಲ್ಲಿ ಶುರುವಾದ ಹಿಂದ್ ಹೈ ವ್ಯಾಕ್ಯೂಮ್ ಕಂಪನಿ ಪಂಪುಗಳನ್ನೂ ಲೋಹದ ಪೊರೆ ಬಳಿಯುವ ಯಂತ್ರಗಳನ್ನೂ ಮಾಡಿತು. ಉತ್ತರಾಖಂಡದ ದೇವಸ್ಥಲದಲ್ಲಿರುವ 3.6 ಮೀಟರ್ ದೂರದರ್ಶಕದ ಕನ್ನಡಿಗೆ ಅಲ್ಯೂಮಿನಿಯಂ ಪೊರೆ ಹಚ್ಚುವ ದೊಡ್ಡ ಕೋಣೆ ಅವರದೇ ಕೆಲಸ. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹವನ್ನು ಅಡಮಾರಿನ ಯು.ಆರ್. ರಾವ್ ನೇತೃತ್ವದ ತಂಡ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿತು. ಇಂದು ಅವರ ಹೆಸರಿನ ಉಪಗ್ರಹ ಕೇಂದ್ರದಲ್ಲಿ ಪ್ರತಿ ಉಪಗ್ರಹವೂ ಹಾರುವ ಮುನ್ನ ದೊಡ್ಡ ನಿರ್ವಾತ ಕೋಣೆಯಲ್ಲಿ ಬಿಸಿ, ಚಳಿ ಎರಡನ್ನೂ ತಾಳಿ ತೋರಿಸಬೇಕು.

ಬೀದರ, ರಾಯಚೂರು, ಕಲಬುರಗಿಯ ಡಿಪ್ಲೊಮಾ ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಔಷಧ ಕಾರ್ಖಾನೆಗಳು ಹಳೆಯ ರೋಟರಿ ಪಂಪುಗಳನ್ನು ಗುಜರಿಗೆ ಹಾಕುವ ಮೊದಲು ಒಂದನ್ನಾದರೂ ಕೇಳಿ ತನ್ನಿ, ರಾಸಾಯನಿಕದ ಅಂಶ ಉಳಿಯದಂತೆ ಮೊದಲು ಅವರಿಂದಲೇ ಶುದ್ಧ ಮಾಡಿಸಿ. ವಿದ್ಯಾರ್ಥಿಗಳು ಅದನ್ನು ಬಿಚ್ಚಿ, ರೆಕ್ಕೆಗಳನ್ನು ನೋಡಿ, ಎಣ್ಣೆ ಬದಲಿಸಿ, ಮತ್ತೆ ಜೋಡಿಸಲಿ. ಜೊತೆಗೆ ಗಟ್ಟಿ ಗಾಜಿನ ಜಾಡಿಯೊಂದಿದ್ದರೆ, ತಣ್ಣೀರು ಬೆಂಕಿಯಿಲ್ಲದೆ ಕುದಿಯುವುದನ್ನು ಅವರು ಕಣ್ಣಾರೆ ಕಾಣಬಹುದು.